ನೇಗಿಲು ಮಾರಿದ ನಗೆ: ಸಾಂಗಲಿ–ಮಿರಜ ಸೀಮೆಯಲ್ಲಿ ವ್ಯಾಪಾರದ ವಿನೋದ

ಕಬ್ಬಿಣದ ನೇಗಿಲಿನಿಂದ ಉತ್ತರೆ ಮಣ್ಣಿಗೆ ವಿಷವೇರುತ್ತದೆ ಎಂಬ ನಂಬಿಕೆ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬೆಳಗಾವಿ ಸೀಮೆಯ ರೈತರಲ್ಲಿತ್ತು. ಲಕ್ಷ್ಮಣರಾವ ಕಿರ್ಲೋಸ್ಕರರು ತಯಾರಿಸಿದ ಮೊದಲ ನೇಗಿಲಿಗೆ ಗಿರಾಕಿ ಸಿಗಲು ಎರಡು ವರ್ಷ ಹಿಡಿಯಿತೆಂದು ಆ ಉದ್ಯಮದ ಚರಿತ್ರೆ ಹೇಳುತ್ತದೆ. ಸರಕಿನಲ್ಲಿ ದೋಷವಿರಲಿಲ್ಲ, ಆ ಸರಕನ್ನು ಕುರಿತು ರೈತನೊಡನೆ ಮಾತಾಡುವ ಬಗೆ ಇನ್ನೂ ಹುಟ್ಟಿರಲಿಲ್ಲ. 1910ರಲ್ಲಿ ಬೆಳಗಾವಿಯ ನಗರಸಭೆ ಬಡಾವಣೆಯ ಯೋಜನೆಗಾಗಿ ಕಾರ್ಖಾನೆಯ ಜಾಗವನ್ನು ಬಿಡಿಸಿದಾಗ, ಔಂಧ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತಪ್ರತಿನಿಧಿಯವರು ಕುಂಡಲ ರೋಡ್ ರೈಲು ನಿಲ್ದಾಣದ ಬಳಿಯ ಬಂಜರು ನೆಲವನ್ನು ಕೊಟ್ಟರು. ಕಳ್ಳಿ ಬೆಳೆದು ಹಾವು ಹರಿದಾಡುತ್ತಿದ್ದ ಆ ನೆಲವೇ ಇಂದಿನ ಸಾಂಗಲಿ ಜಿಲ್ಲೆಯ ಕಿರ್ಲೋಸ್ಕರವಾಡಿ. ಹತ್ತು ವರ್ಷಗಳ ಬಳಿಕ, 1920ರಲ್ಲಿ, ಅಲ್ಲಿಂದ ‘ಕಿರ್ಲೋಸ್ಕರ ಖಬರ’ ಎಂಬ ಮರಾಠಿ ಪತ್ರಿಕೆ ಹೊರಟಿತು. ನೇಗಿಲಿಗೆ ಮಾತು ಬಂದದ್ದು ಆಗ.

ಇಂದು ವ್ಯಾಪಾರದ ಶಾಲೆಗಳಲ್ಲಿ ಕಂಟೆಂಟ್ ಮಾರ್ಕೆಟಿಂಗ್ ಎಂದು ಕಲಿಸುವ ವಿದ್ಯೆ ಇದೇ. ‘ನನ್ನ ಸರಕು ಕೊಳ್ಳಿ’ ಎಂದು ನೇರವಾಗಿ ಕೂಗದೆ, ಗಿರಾಕಿ ತಾನಾಗಿ ಓದುವ, ನೋಡುವ, ಪಕ್ಕದವರಿಗೆ ತೋರಿಸುವ ಏನನ್ನಾದರೂ ಕೊಟ್ಟು, ಆ ಕೊಡುಗೆಯ ಮಗ್ಗುಲಲ್ಲಿ ಸರಕನ್ನು ನಿಲ್ಲಿಸುವುದು ಅದರ ರೀತಿ. ಇದರ ಮೊದಲಿಗನೆಂದು ಆ ಶಾಲೆಗಳು ಹೆಸರಿಸುವುದು ಅಮೆರಿಕದ ನೇಗಿಲು ಕಂಪನಿಯೊಂದನ್ನು: ಜಾನ್ ಡೀರ್ ಕಂಪನಿ 1895ರಲ್ಲಿ ರೈತರಿಗಾಗಿ ‘ದಿ ಫರೋ’ ಎಂಬ ಪತ್ರಿಕೆಯನ್ನು ಆರಂಭಿಸಿತು. ಫರೋ ಎಂದರೆ ನೇಗಿಲ ಸಾಲು. ಎರಡು ಖಂಡಗಳಲ್ಲಿ ಎರಡು ನೇಗಿಲುಗಳು ಕಾಲು ಶತಮಾನದ ಅಂತರದಲ್ಲಿ ಪತ್ರಿಕೆಯ ಉಪಾಯಕ್ಕೆ ಬಂದದ್ದು ಆಕಸ್ಮಿಕವಲ್ಲ. ರೈತ ಕೊಳ್ಳುವ ಮೊದಲು ಹಲವು ಸಲ ಯೋಚಿಸುವವನು. ಅವನ ಯೋಚನೆಯಲ್ಲಿ ಜಾಗ ಪಡೆಯಬೇಕಾದರೆ ಒಂದು ಭಿತ್ತಿಪತ್ರ ಸಾಲದು. ಕಿರ್ಲೋಸ್ಕರವಾಡಿಯ ಪತ್ರಿಕೆಯನ್ನು ಬೇರೆಯಾಗಿಸಿದ್ದು ಅದರ ಸಂಪಾದಕ. ಲಕ್ಷ್ಮಣರಾವರ ಸೋದರನ ಮಗ ಶಂಕರ ವಾಸುದೇವ ಕಿರ್ಲೋಸ್ಕರ (1891–1975), ಮರಾಠಿ ಓದುಗರಿಗೆ ‘ಶಂವಾಕಿ’, ಚಿತ್ರಕಲೆ ಕಲಿತವರು, ವ್ಯಂಗ್ಯಚಿತ್ರಕಾರರು. ಕಾರ್ಖಾನೆಯ ಪ್ರಚಾರದ ಹೊಣೆ ಹೊತ್ತ ವ್ಯಕ್ತಿಯೇ ಗೆರೆಯಲ್ಲಿ ನಗಬಲ್ಲವನಾಗಿದ್ದುದು ಆ ಪತ್ರಿಕೆಯ ಭಾಗ್ಯ. ಅವರ ವ್ಯಂಗ್ಯಚಿತ್ರಗಳ ಸಂಗ್ರಹಕ್ಕೆ ‘ಟಾಕಾಂಚೀ ಫೇಕ’ ಎಂದು ಹೆಸರು. ಟಾಕ ಎಂದರೆ ಲೇಖನಿಯ ಮೊನೆ, ಫೇಕ ಎಂದರೆ ಎಸೆತ. ಮಾರಾಟಗಾರನ ಕೈಯಲ್ಲಿ ಇಂಥ ಎಸೆತ ಯಾರ ಮೇಲೆ ಬೀಳಬೇಕು ಎಂಬುದೇ ಪ್ರಶ್ನೆ.

ಗಿರಾಕಿಯ ಮೇಲೆ ಬೀಳಬಾರದು ಎಂಬುದು ಶಂವಾಕಿಯವರ ನಿಲುವಾಗಿತ್ತೆಂದು ಆ ಪತ್ರಿಕಾ ಪರಿವಾರದ ಒಟ್ಟು ನಡೆಯಿಂದ ಹೇಳಬಹುದು. ಕಂದಾಚಾರ, ಹುಸಿ ಪ್ರತಿಷ್ಠೆ, ಹೆಣ್ಣನ್ನು ಕಟ್ಟಿಹಾಕುವ ರೂಢಿ ಇವು ಅದರ ಗುರಿಗಳಾದವು. 1929ರಲ್ಲಿ ‘ಖಬರ’ ಎಂಬ ಬಾಲವನ್ನು ಕಳಚಿ ಪತ್ರಿಕೆ ‘ಕಿರ್ಲೋಸ್ಕರ’ ಎಂದಷ್ಟೇ ಆಯಿತು. 1930ರಲ್ಲಿ ‘ಸ್ತ್ರೀ’, 1934ರಲ್ಲಿ ‘ಮನೋಹರ’ ಅದರ ಒಡಹುಟ್ಟುಗಳಾದವು. ಕಾರ್ಖಾನೆಯ ಸುದ್ದಿಯ ಹಾಳೆಯೊಂದು ಹದಿನೈದು ವರ್ಷಗಳೊಳಗೆ ಮರಾಠಿ ಮಧ್ಯಮವರ್ಗದ ವಿಚಾರವನ್ನು ರೂಪಿಸುವ ಮೂರು ಮಾಸಿಕಗಳಾಗಿ ಬೆಳೆದ ಇನ್ನೊಂದು ನಿದರ್ಶನ ಭಾರತದ ಪತ್ರಿಕಾ ಚರಿತ್ರೆಯಲ್ಲಿ ಸುಲಭವಾಗಿ ಸಿಗದು. ಹಾಗೆಂದು ಇದನ್ನು ಬರಿಯ ಸಮಾಜಸೇವೆ ಎನ್ನುವುದು ಭೋಳೆತನವಾದೀತು. ಕಬ್ಬಿಣ ಮಣ್ಣನ್ನು ಕೆಡಿಸುತ್ತದೆ ಎಂದು ನಂಬುವವನು ನೇಗಿಲು ಕೊಳ್ಳಲಾರ. ಆ ನಂಬಿಕೆಯನ್ನು ನಕ್ಕು ಹಗುರ ಮಾಡಿದವನು ಸಮಾಜಕ್ಕೂ ಉಪಕರಿಸುತ್ತಾನೆ, ತನ್ನ ಗೋದಾಮನ್ನೂ ಖಾಲಿ ಮಾಡಿಕೊಳ್ಳುತ್ತಾನೆ. ಅಂಧಶ್ರದ್ಧೆಯ ವಿರುದ್ಧದ ನಗೆ ಲಾಭದ ನಗೆಯೂ ಆಗಿತ್ತು. ಮೆಚ್ಚಬೇಕಾದ ಅಂಶ ಬೇರೆ: ನಗೆಯ ಎರಡೂ ಉದ್ದೇಶಗಳು ಓದುಗನಿಗೆ ಕಾಣುವಂತಿದ್ದವು. ಪತ್ರಿಕೆಯ ಹೆಸರಿನಲ್ಲೇ ಕಂಪನಿಯ ಹೆಸರಿತ್ತು. ಯಾರು ನಗಿಸುತ್ತಿದ್ದಾರೆ, ಏಕೆ ನಗಿಸುತ್ತಿದ್ದಾರೆ ಎಂಬುದನ್ನು ಮುಚ್ಚಿಡಲಿಲ್ಲ.

ಮಾರುವವನು ನಗಿಸಲು ಸಮಾಜದ ಅನುಮತಿ ಬೇಕು. ಸಾಂಗಲಿ ಸೀಮೆಯಲ್ಲಿ ಆ ಅನುಮತಿಯ ಹಿಂದೆ ರಂಗಭೂಮಿಯ ಒಂದು ದೀರ್ಘ ರೂಢಿಯಿದೆ, ಅದರ ಬೇರು ಕನ್ನಡ ನಾಡಿನಲ್ಲಿದೆ. 1842ರ ಸುಮಾರಿಗೆ ಉತ್ತರ ಕನ್ನಡದ ಭಾಗವತರ ಮೇಳವೊಂದು ಸಾಂಗಲಿಗೆ ಬಂದು ಆಡಿತು. ಅದನ್ನು ಹೊನ್ನಾವರದ ಕರ್ಕಿಯ ಮೇಳವೆಂದು ಅನೇಕರು ಗುರುತಿಸುತ್ತಾರೆ. ಆಟವನ್ನು ನೋಡಿದ ಅರಸ ಚಿಂತಾಮಣರಾವ ಪಟವರ್ಧನರು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಅಂಥದನ್ನು ಮರಾಠಿಯಲ್ಲಿ ಕಟ್ಟಲು ಸೂಚಿಸಿದರು. 1843ರ ನವೆಂಬರ್ 5ರಂದು ‘ಸೀತಾ ಸ್ವಯಂವರ’ ರಂಗಕ್ಕೇರಿತು. ಆ ದಿನವನ್ನು ಮಹಾರಾಷ್ಟ್ರ ಇಂದಿಗೂ ಮರಾಠಿ ರಂಗಭೂಮಿಯ ದಿನವೆಂದು ಆಚರಿಸುತ್ತದೆ. ಭಾವೆಯವರ ಆಟಗಳಲ್ಲಿ ದೇವತೆಗಳು ಪ್ರವೇಶಿಸುವ ಮೊದಲೇ ಸೂತ್ರಧಾರನೊಡನೆ ಹರಟುವ ವಿದೂಷಕನೊಬ್ಬನಿದ್ದ. ಅವನ ಮಾತು ಬರೆದಿಟ್ಟದ್ದಲ್ಲ, ಆ ಕ್ಷಣದಲ್ಲಿ ಹುಟ್ಟಿದ್ದು. ಯಕ್ಷಗಾನದಲ್ಲಿ ಆ ಸ್ಥಾನದವನನ್ನು ‘ಹಾಸ್ಯಗಾರ’ ಎನ್ನುತ್ತಾರೆ. ಕರ್ಕಿಯಲ್ಲಂತೂ ಅದು ಒಂದು ಕಲಾವಿದ ಮನೆತನದ ಹೆಸರೇ ಆಗಿದೆ. ಮರಾಠಿಯ ತಮಾಶೆಯಲ್ಲಿ ಅವನೇ ‘ಸೋಂಗಾಡ್ಯಾ’. ಬೆಳಗಾವಿ ಸೀಮೆಯ ‘ಶ್ರೀಕೃಷ್ಣ ಪಾರಿಜಾತ’ದಲ್ಲಿ ಭಾಗವತನನ್ನು ಮಾತಿನಲ್ಲಿ ಹಣಿಯುವ ದೂತಿ ಅವನ ಅಕ್ಕ.

ಈ ಪರಂಪರೆಯ ಹಾಸ್ಯಗಾರ ಸುಳ್ಳು ಹೇಳುವುದಿಲ್ಲವೆಂದಲ್ಲ. ಧಾರಾಳವಾಗಿ ಹೇಳುತ್ತಾನೆ, ವೇಷ ಮರೆಸುತ್ತಾನೆ, ರಾಜನನ್ನೇ ಬೇಸ್ತು ಬೀಳಿಸುತ್ತಾನೆ. ಆದರೆ ಅವನ ಸುಳ್ಳು ರಂಗದ ಮೇಲಿನ ಪಾತ್ರಕ್ಕೆ ಹೇಳಿದ್ದು. ಪ್ರೇಕ್ಷಕನಿಗೆ ಅದು ಸುಳ್ಳೆಂದು ಮೊದಲೇ ತಿಳಿದಿರುತ್ತದೆ. ರಂಗದ ಮೇಲಿನವನು ತಿಳಿಯದವನು, ಎದುರು ಕುಳಿತವನು ತಿಳಿದವನು. ನಗು ಹುಟ್ಟುವುದು ಈ ಅಂತರದಲ್ಲಿ. ಜಾಹೀರಾತಿನ ಕೀಟಲೆಯನ್ನು ವಿಮರ್ಶಿಸಲು ಈ ಒಂದು ಸೂತ್ರ ಸಾಕಷ್ಟು ಉಪಯುಕ್ತವಾಗಿದೆ. ಏಪ್ರಿಲ್ ಒಂದರ ಬ್ರ್ಯಾಂಡ್ ಕೀಟಲೆಯಲ್ಲಿ ಬೇಸ್ತು ಬೀಳುವ ಪಾತ್ರ ಬೇರೊಂದಿಲ್ಲ. ಪ್ರೇಕ್ಷಕನನ್ನೇ ರಂಗಕ್ಕೆಳೆದು, ಅವನು ಪಾತ್ರವಾಗಿದ್ದಾನೆಂಬುದನ್ನು ಅವನಿಗೆ ತಿಳಿಸದೆ ಆಟ ಆಡಲಾಗುತ್ತದೆ. ಹಾಗಾದರೆ ನಗುವವರು ಯಾರು? ಮೊದಲು ಕಂಪನಿ, ಆಮೇಲೆ ಸುಳಿವು ಬೇಗ ಹಿಡಿದವರು, ಕೊನೆಗೆ ತನ್ನ ಮೇಲೆ ತಾನೇ ನಗಲು ಒಪ್ಪಿದ ಬೇಸ್ತುಬಿದ್ದವನು. ಈ ಕೊನೆಯವನ ಒಪ್ಪಿಗೆಯನ್ನು ಯಾರೂ ಕೇಳಿರುವುದಿಲ್ಲ.

ಪ್ರಸಿದ್ಧ ನಿದರ್ಶನಗಳನ್ನು ಹೀಗೆ ನೋಡಿದರೆ ಅವುಗಳ ನಡುವಿನ ತಾರತಮ್ಯ ತಿಳಿಯುತ್ತದೆ. 1996ರ ಏಪ್ರಿಲ್ 1ರಂದು ಟಾಕೊ ಬೆಲ್ ಎಂಬ ಅಮೆರಿಕದ ಉಪಾಹಾರ ಮಳಿಗೆಗಳ ಕಂಪನಿ ಫಿಲಡೆಲ್ಫಿಯದ ಐತಿಹಾಸಿಕ ಲಿಬರ್ಟಿ ಗಂಟೆಯನ್ನು ತಾನು ಕೊಂಡಿರುವುದಾಗಿ ದೊಡ್ಡ ಪತ್ರಿಕೆಗಳಲ್ಲಿ ಪೂರ್ಣಪುಟದ ಪ್ರಕಟಣೆ ಕೊಟ್ಟಿತು. ಕೋಪದ ಕರೆಗಳು ಗಂಟೆಯನ್ನು ಕಾಯುವ ಕಚೇರಿಗೆ ಬಂದವು, ಮಧ್ಯಾಹ್ನದ ಹೊತ್ತಿಗೆ ಕಂಪನಿ ನಿಜ ಹೇಳಿತು. ನೆಪ ಕ್ಷುಲ್ಲಕ, ಆಯುಸ್ಸು ಅರ್ಧ ದಿನ, ಹಾನಿ ಇಲ್ಲವೆನ್ನುವಷ್ಟು. 2021ರ ಮಾರ್ಚ್ ಕೊನೆಯಲ್ಲಿ ಫೋಕ್ಸ್‌ವ್ಯಾಗನ್ ತನ್ನ ಅಮೆರಿಕದ ಶಾಖೆಯ ಹೆಸರನ್ನು ‘ವೋಲ್ಟ್ಸ್‌ವ್ಯಾಗನ್’ ಎಂದು ಬದಲಿಸುವುದಾಗಿ ಹೇಳಿ, ಸುದ್ದಿಸಂಸ್ಥೆಗಳು ವಿಚಾರಿಸಿದಾಗಲೂ ನಿಜವೆಂದೇ ನಂಬಿಸಿ, ಬಳಿಕ ತಮಾಷೆಯೆಂದಿತು. ಈ ನಡುವೆ ಅದರ ಷೇರಿನ ಬೆಲೆ ಏರಿತ್ತು. 2015ರಲ್ಲಿ ಡೀಸೆಲ್ ಹೊಗೆಯ ಪರೀಕ್ಷೆಯಲ್ಲಿ ಜಗತ್ತನ್ನೇ ವಂಚಿಸಿ ಸಿಕ್ಕಿಬಿದ್ದ ಕಂಪನಿ ಅದು. ಸುಳ್ಳಿಗಾಗಿ ದಂಡ ತೆತ್ತವನು ಸುಳ್ಳನ್ನೇ ವಿನೋದವಾಗಿ ಮಾರಲು ಹೊರಟರೆ ನಗುವುದು ಕಷ್ಟ. ಬೆಂಗಳೂರಿನ ಓಲಾ ಕಂಪನಿ 2018ರಲ್ಲಿ ಏಪ್ರಿಲ್ ಒಂದರ ಕೀಟಲೆಯಾಗಿ ಸಂಚಾರಿ ಶೌಚಾಲಯದ ಸೇವೆಯೊಂದನ್ನು ಘೋಷಿಸಿತ್ತು. ವಾಹನ ದಟ್ಟಣೆಯಲ್ಲಿ ಸಿಕ್ಕ ಹೆಂಗಸಿನ ಪಾಲಿಗೆ ಅದು ನಗೆಯ ಕಲ್ಪನೆಯಲ್ಲ, ಆಗಬೇಕಾದ ಸೇವೆ. ಇಲ್ಲದಿರುವುದೊಂದನ್ನು ಇದೆಯೆಂದು ಹೇಳಿ ನಗಿಸುವ ಮೊದಲು, ಅದು ಇಲ್ಲದಿರುವುದರಿಂದ ಯಾರಿಗೆ ನೋವಿದೆ ಎಂದು ವಿಚಾರಿಸುವ ಅಭ್ಯಾಸ ಈ ವೃತ್ತಿಗೆ ಇನ್ನೂ ಬಂದಿಲ್ಲ. (ಇದಕ್ಕೆ ವಿರುದ್ಧವಾದದ್ದೂ ನಡೆದಿದೆ: 2004ರ ಏಪ್ರಿಲ್ 1ರಂದು ಗೂಗಲ್ ಜಿಮೇಲ್ ಸೇವೆಯನ್ನು ಘೋಷಿಸಿದಾಗ ಜನ ಅದನ್ನು ತಮಾಷೆಯೆಂದು ಭಾವಿಸಿದರು. ಸುಳ್ಳಿನ ದಿನವೊಂದನ್ನು ರೂಢಿಸಿಕೊಂಡವರು ತೆರಬೇಕಾದ ಸುಂಕ ಅದು.)

ಕೀಟಲೆಯ ಚರ್ಚೆಯಲ್ಲಿ ಬೇಸ್ತುಬಿದ್ದವನ ಬುದ್ಧಿಯನ್ನು ಕುರಿತು ಮಾತು ಬರುವುದುಂಟು, ಅವನ ಭಾಷೆಯನ್ನು ಕುರಿತು ಬರುವುದಿಲ್ಲ. ಸಾಂಗಲಿ–ಮಿರಜದ ಸಂದರ್ಭ ಮುಖ್ಯವಾಗುವುದು ಇಲ್ಲಿ. ಜಿಲ್ಲೆಯ ಪೂರ್ವಕ್ಕೆ ಜತ್ತ ತಾಲೂಕಿನಲ್ಲಿ ಕನ್ನಡ ಮನೆಮಾತಾಗಿರುವ ಹಳ್ಳಿಗಳು ಸಾಲುಸಾಲಾಗಿವೆ, ಕನ್ನಡ ಮಾಧ್ಯಮದ ಶಾಲೆಗಳಿವೆ. ಮಿರಜದ ದಕ್ಷಿಣಕ್ಕೆ ಹತ್ತಾರು ಕಿಲೋಮೀಟರು ಸಾಗಿದರೆ ಕರ್ನಾಟಕದ ಕಾಗವಾಡ, ಅಥಣಿ. ಈ ಊರುಗಳ ಕನ್ನಡಿಗನಿಗೆ ಮರಾಠಿ ಬರುತ್ತದೆ, ಹಿಂದಿ ತಿಳಿಯುತ್ತದೆ, ಇಂಗ್ಲಿಷ್ ಕಣ್ಣಿಗೆ ಬೀಳುತ್ತದೆ. ಕೊಡು-ಕೊಳುವ ಮಾತಿಗೆ ಅಷ್ಟು ಸಾಕು. ನಗೆಗೆ ಸಾಲದು. ಎರಡನೆಯ ಭಾಷೆಯಲ್ಲಿ ಬೆಲೆ ಕೇಳಲು ಒಂದು ವಾರ, ಜಗಳವಾಡಲು ಒಂದು ವರ್ಷ ಸಾಕಾದೀತು. ಹೇಳಿದ್ದು ನಿಜವೋ ಹಾಸ್ಯವೋ ಎಂದು ಧ್ವನಿಯ ಒಂದು ಬಾಗಿನಿಂದ ಹಿಡಿಯಬಲ್ಲವನಾಗಲು ಅರ್ಧ ಆಯುಸ್ಸು ಬೇಕು. ಮುದ್ರಿತ ಅಕ್ಷರದಲ್ಲಿ ಧ್ವನಿಯ ಆ ಬಾಗೂ ಇರುವುದಿಲ್ಲ. ಹಾಗಾಗಿ ‘ಸುಳಿವು ಇತ್ತಲ್ಲ’ ಎಂಬ ಕಂಪನಿಯ ಸಮರ್ಥನೆ ಒಂದು ಭಾಷೆಯ ಒಳಗಿನವರಿಗಷ್ಟೇ ಅನ್ವಯಿಸುವಂಥದು. ಭಾಷೆಯ ಅಂಚಿನಲ್ಲಿರುವವನಿಗೆ ಕೀಟಲೆ ತಲುಪುವುದು ಸುದ್ದಿಯಾಗಿ.

2024ರ ಫೆಬ್ರುವರಿ 2ರಂದು ನಟಿ ಪೂನಂ ಪಾಂಡೆ ಗರ್ಭಕಂಠದ ಕ್ಯಾನ್ಸರಿನಿಂದ ತೀರಿಕೊಂಡರೆಂಬ ಪ್ರಕಟಣೆ ಅವರದೇ ಖಾತೆಯಿಂದ ಹೊರಟಿತು. ಮರುದಿನ ಅವರು ತಾವು ಬದುಕಿರುವುದಾಗಿಯೂ ರೋಗದ ಬಗ್ಗೆ ಅರಿವು ಮೂಡಿಸಲು ಹೀಗೆ ಮಾಡಿದ್ದಾಗಿಯೂ ತಿಳಿಸಿದರು. ಇದರ ಹಿಂದೆ ಒಂದು ಜಾಹೀರಾತು ಸಂಸ್ಥೆ ಕೆಲಸ ಮಾಡಿತ್ತು. ಕ್ಯಾನ್ಸರ್ ರೋಗಿಗಳಿಗೂ ಅವರ ಮನೆಯವರಿಗೂ ನೋವಾಗಿದ್ದರೆ ಕ್ಷಮಿಸಬೇಕೆಂದು ಅದು ಬಳಿಕ ಕೇಳಿಕೊಂಡಿತು. ಫೆಬ್ರುವರಿ 1ರ ಮಧ್ಯಂತರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಈ ರೋಗದ ಲಸಿಕೆ ಕೊಡಿಸುವುದನ್ನು ಉತ್ತೇಜಿಸುವುದಾಗಿ ಹೇಳಿತ್ತು. ಅಂದರೆ ವಿಷಯಕ್ಕೆ ನ್ಯಾಯವಾದ ಸುದ್ದಿ ಹಿಂದಿನ ದಿನವೇ ಸಿಕ್ಕಿತ್ತು. ನಗೆಯಿರದ ಈ ಕೀಟಲೆ ವಿನೋದದ ವರ್ಗಕ್ಕೆ ಸೇರುವುದೇ ಎಂದು ಕೇಳಬಹುದು. ಸೇರುವುದಿಲ್ಲ. ಆದರೆ ಅದರ ಹೆಣಿಗೆ ಏಪ್ರಿಲ್ ಒಂದರದೇ: ಮೊದಲು ಸುಳ್ಳು, ಜನ ನಂಬುವವರೆಗೆ ಕಾಯುವುದು, ಬಳಿಕ ನಿಜ, ಈ ನಡುವಣ ಗದ್ದಲವೇ ಸಂಪಾದನೆ. ನಗೆಗಾಗಿ ರೂಪುಗೊಂಡ ಯಂತ್ರ ಸಾವಿನ ಸುದ್ದಿಗೂ ಅಷ್ಟೇ ನಯವಾಗಿ ತಿರುಗಿತು.

ಈ ಸುದ್ದಿ ಮಿರಜದಂಥ ಊರಿಗೆ ಬರುವುದೆಂದರೆ ಏನೆಂದು ಯೋಚಿಸಬೇಕು. 1890ರ ದಶಕದಲ್ಲಿ ಮಿಶನರಿ ವೈದ್ಯ ವಾನ್ಲೆಸ್ ಅವರು ಆಸ್ಪತ್ರೆ ತೆರೆದಂದಿನಿಂದ ಮಿರಜ ವೈದ್ಯದ ಊರು. ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಿಂದ ರೋಗಿಗಳು ಇಲ್ಲಿಗೆ ಬರುತ್ತಾರೆ. ಕ್ಯಾನ್ಸರಿಗೆಂದೇ ಪ್ರತ್ಯೇಕ ಆಸ್ಪತ್ರೆ ಇದೆ. ‘ಮಿರಜಕ್ಕ ತೋರಿಸಬೇಕು’ ಎಂದರೆ ಆ ಹಳ್ಳಿಗಳಲ್ಲಿ ರೋಗ ದೊಡ್ಡದೆಂದು ಅರ್ಥ. ಆ ಕಾರಣದಿಂದ ಮಿರಜದ ಆಸ್ಪತ್ರೆಗಳ ಓಣಿಯಲ್ಲಿ ಕನ್ನಡ ಫಲಕಗಳು ಕಣ್ಣಿಗೆ ಬೀಳುತ್ತವೆ. ವೈದ್ಯರ ಹೆಸರು, ತಪಾಸಣೆಯ ವೇಳೆ, ಔಷಧದ ಅಂಗಡಿ, ಚಪ್ಪಲಿ ಹೊರಗೆ ಬಿಡಿ ಎಂಬ ಸೂಚನೆ — ಕನ್ನಡಕ್ಕೆ ಈ ಊರಿನಲ್ಲಿ ಸಿಕ್ಕ ಕೆಲಸ ಇಷ್ಟು. ಆಸ್ಪತ್ರೆಯಿಂದ ಹೊರಬಂದು ಬಸ್ ನಿಲ್ದಾಣದ ಕಡೆ ನಡೆದರೆ, ಶ್ಲೇಷೆಯಾಡುವ ಚಹಾದ ಜಾಹೀರಾತು, ಪ್ರಾಸ ಕಟ್ಟಿದ ಮೊಬೈಲಿನ ಜಾಹೀರಾತು, ಹುಟ್ಟುಹಬ್ಬದ ಫ್ಲೆಕ್ಸಿನ ಚಟಾಕಿ ಎಲ್ಲವೂ ಮರಾಠಿಯಲ್ಲಿ ಅಥವಾ ಹಿಂದಿಯಲ್ಲಿ. ಕನ್ನಡಿಗನಿಗೆ ಇಲ್ಲಿ ಸೂಚನೆ ಸಿಗುತ್ತದೆ, ವಿನೋದ ಸಿಗುವುದಿಲ್ಲ. ಅಲ್ಪಸಂಖ್ಯಾತ ಭಾಷೆಯ ಸ್ಥಿತಿಯನ್ನು ಅಳೆಯುವವರು ಶಾಲೆ, ಜನಗಣತಿ, ನ್ಯಾಯಾಲಯಗಳ ಕಡೆಗೆ ನೋಡುವುದು ಸರಿಯೇ. ಆದರೆ ಮಾರುವವನು ನಿಮ್ಮೊಡನೆ ಯಾವ ಭಾಷೆಯಲ್ಲಿ ನಗುತ್ತಾನೆ ಎಂಬುದೂ ಒಂದು ಅಳತೆಗೋಲು. ನಗಿಸಲು ಹೊರಟವನು ಎದುರಿನವನನ್ನು ಸಮಾನನೆಂದು ಒಪ್ಪಿರುತ್ತಾನೆ. ಸೂಚನೆ ಕೊಡುವವನಿಗೆ ಆ ಹೊರೆಯಿಲ್ಲ.

ಕಾನೂನು ಈ ಸೂಕ್ಷ್ಮವನ್ನು ಅರ್ಧದಷ್ಟು ಗುರುತಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ 2022ರ ಜೂನಿನಲ್ಲಿ ಹೊರಟ ಮಾರ್ಗಸೂಚಿಗಳು, ದಾರಿತಪ್ಪಿಸುವ ಜಾಹೀರಾತುಗಳನ್ನು ತಡೆಯುವ ಸಲುವಾಗಿ, ಹಕ್ಕುಸಾಧನೆ ಯಾವ ಭಾಷೆಯಲ್ಲಿದೆಯೋ ಅದರ ಕೆಳಗಿನ ಷರಾ ಕೂಡ ಅದೇ ಭಾಷೆಯಲ್ಲಿರಬೇಕೆಂದು ವಿಧಿಸುತ್ತವೆ. ಮರಾಠಿಯಲ್ಲಿ ದೊಡ್ಡ ಅಕ್ಷರದ ಮಾತು, ಇಂಗ್ಲಿಷಿನಲ್ಲಿ ಇರುವೆಯಷ್ಟು ಷರಾ ಎಂಬ ಹಳೆಯ ಚಾಳಿಗೆ ಇದು ತಡೆ. ಒಳ್ಳೆಯದೇ. ಆದರೆ ಇಲ್ಲಿ ಲೆಕ್ಕಕ್ಕೆ ಬಂದದ್ದು ಜಾಹೀರಾತಿನ ಭಾಷೆ, ಓದುಗನ ಭಾಷೆಯಲ್ಲ. ಜತ್ತದ ಕನ್ನಡಿಗನಿಗೆ ಮಾತೂ ಮರಾಠಿಯಲ್ಲಿ, ಷರಾವೂ ಮರಾಠಿಯಲ್ಲಿ ಬಂದರೆ ನಿಯಮ ಪಾಲನೆಯಾದಂತೆಯೇ. ಅವನ ಸೋದರಮಾವ ಅಥಣಿಯಲ್ಲಿ ಅದೇ ಸರಕಿನ ಜಾಹೀರಾತನ್ನು ಕನ್ನಡದಲ್ಲಿ ನೋಡಬಹುದು. ರಾಜ್ಯದ ಗಡಿಯೇ ಮಾರುಕಟ್ಟೆಯ ಭಾಷೆಯ ಗಡಿಯೂ ಆಗುತ್ತದೆ. 1967ರ ಮಹಾಜನ ಆಯೋಗದ ವರದಿಯಿಂದ 2022ರ ಕೊನೆಯಲ್ಲಿ ಜತ್ತದ ಹಳ್ಳಿಗಳ ಬಗ್ಗೆ ಎರಡು ಸರ್ಕಾರಗಳ ನಡುವೆ ಎದ್ದ ವಾಗ್ವಾದದವರೆಗೆ ಗಡಿಯ ಚರ್ಚೆ ನೆಲದ ಸುತ್ತ ನಡೆದಿದೆ. ಕಂಪನಿಗಳು ಆ ಚರ್ಚೆಯಲ್ಲಿ ಭಾಗವಹಿಸಿಲ್ಲ, ನಕ್ಷೆಯನ್ನು ಮಾತ್ರ ಶ್ರದ್ಧೆಯಿಂದ ಅನುಸರಿಸಿವೆ.

ಕನ್ನಡ ನಾಡಿನೊಳಗೆ ಸ್ಥಿತಿ ಸಂಪೂರ್ಣ ಭಿನ್ನವೆಂದು ಭಾವಿಸಬೇಕಿಲ್ಲ. 2021ರ ಏಪ್ರಿಲಿನಲ್ಲಿ ಕ್ರೆಡ್ ಎಂಬ ಬೆಂಗಳೂರಿನ ಕಂಪನಿ ರಾಹುಲ್ ದ್ರಾವಿಡರನ್ನು ವಾಹನಗಳ ದಟ್ಟಣೆಯಲ್ಲಿ ಕೂಡಿಸಿ, ಬ್ಯಾಟಿನಿಂದ ಪಕ್ಕದ ಕಾರಿನ ಕನ್ನಡಿ ಒಡೆಸಿ, ತಾನು ಇಂದಿರಾನಗರದ ಗೂಂಡಾ ಎಂದು ಕೂಗಿಸಿತು. ಅಪ್ಪಟ ವಿನೋದ ಅದು. ದ್ರಾವಿಡರ ಸಂಯಮವನ್ನು ಬಲ್ಲವರಿಗೆ ಮೊದಲ ಚಿತ್ರಿಕೆಯಿಂದಲೇ ಇದು ಆಟವೆಂದು ತಿಳಿಯುತ್ತದೆ, ಪ್ರೇಕ್ಷಕನನ್ನು ಎಲ್ಲಿಯೂ ಬೇಸ್ತು ಬೀಳಿಸಿಲ್ಲ, ಹಾಸ್ಯಗಾರನ ಸೂತ್ರ ಭಂಗವಾಗಿಲ್ಲ. ಬೆಂಗಳೂರು ಅದನ್ನು ಮನಸಾರೆ ಅಪ್ಪಿಕೊಂಡಿತು. ಹೀಗಿದ್ದೂ ಇಂದಿರಾನಗರದ ಆ ಗೂಂಡಾ ಕೂಗಿದ್ದು ಹಿಂದಿಯಲ್ಲಿ. ಕನ್ನಡಿಗರ ನಡುವೆ ಬೆಳೆದ ಆಟಗಾರ, ಕನ್ನಡ ನಾಡಿನ ರಾಜಧಾನಿಯ ಬಡಾವಣೆ, ಆ ಊರಿನದೇ ರಸ್ತೆಯ ಸಂಕಟ. ನಗೆಯ ಸಾಮಗ್ರಿಯೆಲ್ಲ ಇಲ್ಲಿಯದು, ಅಡುಗೆಯಾದದ್ದು ಬೇರೆ ಒಲೆಯ ಮೇಲೆ. ಮಿರಜದ ಕನ್ನಡಿಗನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಕ್ಕಿಲ್ಲ.

ಮಾತಿಲ್ಲದ ನಗೆಗೆ ಈ ಸಂಕಟವಿಲ್ಲ. ಮೈಸೂರಿನಲ್ಲಿ ಬೆಳೆದು, ರಾಶಿಯವರ ‘ಕೊರವಂಜಿ’ಯಲ್ಲಿ ಗೆರೆ ಪಳಗಿಸಿದ ಆರ್.ಕೆ. ಲಕ್ಷ್ಮಣರು 1954ರಲ್ಲಿ ಏಶಿಯನ್ ಪೇಂಟ್ಸ್ ಕಂಪನಿಗಾಗಿ ‘ಗಟ್ಟು’ವನ್ನು ಬರೆದುಕೊಟ್ಟರು. ಹಣೆಯ ಮೇಲೆ ಕೂದಲು ಇಳಿಬಿಟ್ಟ, ಕೈಯಲ್ಲಿ ಬಣ್ಣದ ಡಬ್ಬಿ ಹಿಡಿದ ತುಂಟ ಹುಡುಗ. ಹೆಸರನ್ನು ಸಾರ್ವಜನಿಕ ಸ್ಪರ್ಧೆಯಿಂದ ಆರಿಸಿದರು, ಬಹುಮಾನ 500 ರೂಪಾಯಿ. ಅರ್ಧ ಶತಮಾನದ ಹತ್ತಿರ ಅವನು ದೇಶದ ಬಣ್ಣದಂಗಡಿಗಳ ಫಲಕಗಳಲ್ಲಿ ನಿಂತಿದ್ದ. ಕೀಟಲೆಯೇ ಅವನ ಸ್ವಭಾವ, ಆದರೆ ಅವನ ಕೀಟಲೆ ಗಿರಾಕಿಯ ಮೇಲಲ್ಲ. ಕುಂಚ ಕೈಗೆ ಸಿಕ್ಕ ಮಗು ಏನು ಮಾಡೀತೋ ಅದು. ಯಾವ ಭಾಷೆಯವನೂ ಅವನನ್ನು ನೋಡಿ ಹೊರಗುಳಿಯಲಿಲ್ಲ. ಶಂವಾಕಿಯವರ ಗೆರೆಗಳಿಗೂ ಇಂಥದೊಂದು ಶಕ್ತಿ ಇದ್ದೀತು, ಆದರೆ ಅವರ ಪತ್ರಿಕೆಯ ನಗೆ ಬಹುಮಟ್ಟಿಗೆ ಮರಾಠಿಯ ಮಾತಿಗೆ ಹೆಣೆದುಕೊಂಡದ್ದು. ಲಕ್ಷ್ಮಣರಾವ ಕಿರ್ಲೋಸ್ಕರರು ಹುಟ್ಟಿದ ಗುರ್ಲಹೊಸೂರು ಬೆಳಗಾವಿ ಜಿಲ್ಲೆಯ ಕನ್ನಡದ ಊರು; ಉದ್ಯಮ ಮೊದಲು ಬೇರೂರಿದ್ದು ಬೆಳಗಾವಿಯಲ್ಲಿ. ನೇಗಿಲಿಗೆ ಭಾಷೆಯ ಹಂಗಿಲ್ಲ, ಕಪ್ಪು ಮಣ್ಣು ಯಾವ ಮಾತಿನ ಊರಿನಲ್ಲಿದ್ದರೂ ಅದು ಸೀಳುತ್ತದೆ. ಅದರ ಜೊತೆಗೆ ಬಂದ ನಗೆ ಮರಾಠಿ ಓದಬಲ್ಲವನ ಮನೆಯವರೆಗೆ ಹೋಗಿ ನಿಂತಿತು.

ಕಂಪನಿಯ ನಗೆ ಹೀಗಾದರೆ, ಕಂಪನಿಯನ್ನು ಕುರಿತ ಗಿರಾಕಿಯ ನಗೆ ಬೇರೊಂದು ಬಗೆಯದು. ಅದಕ್ಕೂ ಈ ಜಿಲ್ಲೆಯಲ್ಲೇ ಮೂಲವಿರುವ ನಿದರ್ಶನವೊಂದಿದೆ. ಕಿರ್ಲೋಸ್ಕರವಾಡಿಯಿಂದ ಸಾಂಗಲಿಯ ಕಡೆಗೆ ರೈಲಿನಲ್ಲಿ ಸ್ವಲ್ಪ ದೂರ ಬಂದರೆ ಭಿಲವಡಿ. ಭಾಸ್ಕರ ಗಣೇಶ ಚಿತಳೆಯವರು 1939ರಲ್ಲಿ ಇಲ್ಲಿ ಹೈನೋದ್ಯಮ ಕಟ್ಟಿದರು. ಮಕ್ಕಳು 1950ರಲ್ಲಿ ಪುಣೆಯಲ್ಲಿ ಮಿಠಾಯಿ ಅಂಗಡಿ ತೆರೆದರು. ಬಾಕರವಡಿಯಷ್ಟೇ ಪ್ರಸಿದ್ಧವಾದದ್ದು ಆ ಅಂಗಡಿಯ ಬಾಗಿಲು: ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅದು ಮುಚ್ಚಿರುತ್ತಿತ್ತು. ಪುಣೆಯವರ ಮಧ್ಯಾಹ್ನದ ನಿದ್ದೆ, ಗಿರಾಕಿಯನ್ನು ಲೆಕ್ಕಿಸದ ಅವರ ಅಂಗಡಿಕಾರರ ಠೀವಿ ಇವುಗಳ ಬಗ್ಗೆ ಮಹಾರಾಷ್ಟ್ರದುದ್ದಕ್ಕೂ ಹುಟ್ಟಿದ ನೂರಾರು ಚಟಾಕಿಗಳ ನಾಯಕ ಆ ಮುಚ್ಚಿದ ಬಾಗಿಲು. 2017ರಲ್ಲಿ ಮಧ್ಯಾಹ್ನವೂ ತೆರೆದಿಡುವುದೆಂದು ತೀರ್ಮಾನವಾದಾಗ ಅದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಯಾವ ಜಾಹೀರಾತು ಸಂಸ್ಥೆಯೂ ಇಂಥದನ್ನು ದುಡ್ಡು ಕೊಟ್ಟು ಹುಟ್ಟಿಸಲಾರದು. ಇಲ್ಲಿ ನಗೆಯ ಒಡೆಯ ಗಿರಾಕಿ, ವಸ್ತು ಅಂಗಡಿ. ಏಪ್ರಿಲ್ ಒಂದರ ಕೀಟಲೆಯನ್ನು ತಲೆಕೆಳಗು ಮಾಡಿ ನಿಲ್ಲಿಸಿದ ಹಾಗೆ. ಗಿರಾಕಿ ತನ್ನನ್ನು ನಕ್ಕರೂ ಬಾಯಿಮುಚ್ಚಿಕೊಂಡಿರುವುದೇ ಇಲ್ಲಿ ಅಂಗಡಿಯ ಜಾಣತನ. ಇಂದಿನ ಕಂಪನಿಗಳಿಗೆ ಆ ಸಹನೆಯಿಲ್ಲ. ಗಿರಾಕಿ ಆಡಿದ ಚಟಾಕಿಯನ್ನೂ ಎತ್ತಿಕೊಂಡು ಮರುದಿನ ತಮ್ಮದಾಗಿ ಪ್ರಕಟಿಸುವ ಆತುರ.

ಈ ಎಲ್ಲದರ ಹಿಂದಿರುವ, ವ್ಯಾಪಾರದ ನಗೆಯ ಅತಿ ಹಳೆಯ ರೂಪ ಸಂತೆಯದು. ಗಡಿಯ ಸಂತೆಯಲ್ಲಿ ಬದನೆಕಾಯಿ ಮಾರುವವಳು ಮರಾಠಿಯಲ್ಲಿ ಬೆಲೆ ಕೂಗಿ, ಕನ್ನಡದಲ್ಲಿ ಗಿರಾಕಿಯ ಜಿಪುಣತನವನ್ನು ಕೆಣಕಿ, ಮತ್ತೆ ಮರಾಠಿಯಲ್ಲಿ ತನ್ನ ಗಂಡನನ್ನೇ ಬೈದು ಸುತ್ತಲಿನವರನ್ನು ನಗಿಸುತ್ತಾಳೆ. ಗಿರಾಕಿ ಸುಮ್ಮನಿರುವುದಿಲ್ಲ, ಬದನೆಯ ತೊಟ್ಟು ಹಿಡಿದು ‘ಏನವ್ವಾ, ಇದು ನಿನ್ನಷ್ಟ ಹಳೇದು ಅಲ್ಲಾ?’ ಎನ್ನುತ್ತಾನೆ. ‘ಹೌದಪ್ಪಾ, ಅದಕ್ಕ ರುಚಿ ಭಾಳ’ ಎಂದು ಉತ್ತರ ಬರುತ್ತದೆ. ಮಾತಿಗೆ ಮಾತು ಕೊಡುವ ಅವಕಾಶ ಇಬ್ಬರಿಗೂ ಇರುವುದರಿಂದ ಯಾರೂ ಬೇಸ್ತು ಬೀಳುವುದಿಲ್ಲ. ಎರಡು ಭಾಷೆಗಳ ನಡುವಿನ ಈ ಜಿಗಿತವೇ ಅಲ್ಲಿ ನಗೆಯ ಅರ್ಧ ಭಾಗ. ಬೆಲೆಯ ಭಾಷೆಯಿಂದ ಮನೆಯ ಭಾಷೆಗೆ ಹಾರಿದ ಕ್ಷಣದಲ್ಲಿ ಗಿರಾಕಿಗೆ ತಾನು ಪರಕೀಯನಲ್ಲವೆಂದು ತಿಳಿಯುತ್ತದೆ, ಕೈ ಚೀಲದ ಕಡೆಗೆ ಹೋಗುತ್ತದೆ. ಲಕ್ಷಗಟ್ಟಲೆ ಖರ್ಚಿನ ಕಂಟೆಂಟ್ ಮಾರ್ಕೆಟಿಂಗ್ ಅಷ್ಟು ಮಾಡಲು ಹೆಣಗುತ್ತಿದೆ.

ಗಡಿನಾಡಿನ ಜಾನಪದವನ್ನು ಸಂಗ್ರಹಿಸಿದವರು ಹಾಡು, ಗಾದೆ, ಒಗಟುಗಳನ್ನು ಗ್ರಂಥಕ್ಕಿಳಿಸಿದ್ದಾರೆ. ಸಂತೆಯ ಕೂಗಿಗೂ ಬೆಲೆಯ ವಾಗ್ವಾದಕ್ಕೂ ಆ ಮರ್ಯಾದೆ ಸಲ್ಲಬೇಕು. ಜತ್ತ, ಮಿರಜ, ಅಥಣಿಗಳ ವಾರದ ಸಂತೆಗಳಲ್ಲಿ ಒಂದು ವರ್ಷ ಧ್ವನಿಮುದ್ರಿಸಿದರೆ, ಯಾವ ಮಾತಿನಲ್ಲಿ ಬೆಲೆ ಬರುತ್ತದೆ, ಯಾವುದರಲ್ಲಿ ನಗೆ, ಯಾವ ಘಳಿಗೆಯಲ್ಲಿ ಭಾಷೆ ಬದಲಾಗುತ್ತದೆ ಎಂಬುದರ ವಿವರ ಸಿಕ್ಕೀತು. ಕಾಯಿಪಲ್ಲೆಯೂ ಫೋನಿನಲ್ಲಿ ತರಿಸುವ ವಸ್ತುವಾಗುತ್ತಿರುವ ಈ ದಿನಗಳಲ್ಲಿ ಆ ಕೆಲಸಕ್ಕೆ ಇರುವ ಅವಧಿ ಹೆಚ್ಚಿಲ್ಲ.